ಸೋತವರ ಚಿತ್ರ

ಆಟಗಳನ್ನು ಕುರಿತ ಸಾಕ್ಷ್ಯಚಿತ್ರಗಳನ್ನು ನೋಡುವ ಹವ್ಯಾಸ ನನಗೆ ಅಂಟಿದ್ದು ತಡವಾಗಿ, ನಿವೃತ್ತಿಯ ಅನಂತರ. ಹುಡುಗನಾಗಿದ್ದಾಗ ಚಿತ್ರಮಂದಿರದಲ್ಲಿ ಕಥಾಚಿತ್ರಕ್ಕೆ ಮೊದಲು ಫಿಲ್ಮ್ಸ್ ಡಿವಿಷನ್ನಿನವರ ವಾರ್ತಾಚಿತ್ರ ಬರುತ್ತಿತ್ತು. ಅಣೆಕಟ್ಟಿನ ಶಂಕುಸ್ಥಾಪನೆ, ಮಂತ್ರಿಗಳ ಪ್ರವಾಸ, ಎಲ್ಲ ಮುಗಿದ ಮೇಲೆ ಯಾವುದಾದರೊಂದು ಪಂದ್ಯದ ಅರ್ಧ ನಿಮಿಷ. ಆ ಅರ್ಧ ನಿಮಿಷಕ್ಕಾಗಿ ಉಳಿದುದನ್ನೆಲ್ಲ ಸಹಿಸಿಕೊಳ್ಳುತ್ತಿದ್ದೆವು. ಹಾಗೆ ನೋಡಿದರೆ ನಮ್ಮ ತಲೆಮಾರಿನವರು ದೊಡ್ಡ ಆಟವನ್ನು ಕಂಡದ್ದು ಕಿವಿಯಿಂದಲೇ. 1975ರ ಮಾರ್ಚ್ 15ರಂದು ಕೌಲಾಲಂಪುರದಲ್ಲಿ ಭಾರತವು ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಹಾಕಿಯ ವಿಶ್ವಕಪ್ ಗೆದ್ದಾಗ, ನಮ್ಮ ಸೋಮವಾರಪೇಟೆಯ ಬಿ. ಪಿ. ಗೋವಿಂದ ಆ ತಂಡದಲ್ಲಿದ್ದರು. ರೇಡಿಯೋದ ಸುತ್ತ ಕುಳಿತ ನಮಗೆ ಹಿಂದಿಯ ವೀಕ್ಷಕ ವಿವರಣೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಗೋವಿಂದರ ಹೆಸರು ಬಂದಾಗ ಮಾತ್ರ ಎಲ್ಲವೂ ತಿಳಿದಂತಾಗುತ್ತಿತ್ತು.

ಈಚೆಗೆ ನಾನು ನೋಡಿದ ಚಿತ್ರಗಳಲ್ಲಿ ಮನಸ್ಸಿನಲ್ಲಿ ಉಳಿದದ್ದು ಇಂಗ್ಲೆಂಡಿನ ಸಂಡರ್ಲೆಂಡ್ ಎಂಬ ಊರಿನ ಫುಟ್ಬಾಲ್ ತಂಡವನ್ನು ಕುರಿತದ್ದು. ಕಂತುಗಳಾಗಿ ಬಂದ ಈ ಚಿತ್ರದ ಮೊದಲ ಭಾಗ 2018ರಲ್ಲಿ ತೆರೆಕಂಡಿತು. ಹಡಗು ಕಟ್ಟಿ, ಕಲ್ಲಿದ್ದಲು ಅಗೆದು ಬದುಕಿದ ಊರು ಅದು. 1988ರಲ್ಲಿ ಕೊನೆಯ ಹಡಗುಕಟ್ಟೆ ಮುಚ್ಚಿತು. 1993ರಲ್ಲಿ ಗಣಿಯೂ ಮುಚ್ಚಿತು. ಆ ಗಣಿಯಿದ್ದ ಜಾಗದಲ್ಲಿಯೇ 1997ರಲ್ಲಿ ತಂಡದ ಕ್ರೀಡಾಂಗಣ ಎದ್ದಿತು. ಅದರ ಹೊರಗೆ ಗಣಿಗಾರರ ದೀಪದ ದೊಡ್ಡ ಪ್ರತಿಕೃತಿಯೊಂದಿದೆ. ಚಿತ್ರ ಮಾಡಿಸಿದವರು ಆ ತಂಡದ ಅಭಿಮಾನಿಗಳೇ. ಮೊದಲ ದರ್ಜೆಯಿಂದ ಕೆಳಗಿಳಿದ ತಂಡ ಮತ್ತೆ ಮೇಲೇರುವುದನ್ನು ಚಿತ್ರಿಸಬೇಕೆಂದು ಹೊರಟರು. ತಂಡವಾದರೋ ಆ ವರ್ಷ ಇನ್ನೂ ಒಂದು ಮೆಟ್ಟಿಲು ಕೆಳಕ್ಕೆ ಜಾರಿತು. ಆದರೂ ಅವರು ಕ್ಯಾಮೆರಾ ಮುಚ್ಚಲಿಲ್ಲ. ಇಗರ್ಜಿಯಲ್ಲಿ ಪಾದ್ರಿಗಳು ತಂಡಕ್ಕಾಗಿ ಪ್ರಾರ್ಥಿಸುವುದು, ಸೋಲು ಖಚಿತವಾದ ಮೇಲೂ ಜನ ಮತ್ತೆ ಬಂದು ಕೂರುವುದು, ಇವೇ ಚಿತ್ರವಾದವು. ತಂಡ 2025ರಲ್ಲಿ ಮೊದಲ ದರ್ಜೆಗೆ ಮರಳಿತೆನ್ನುವುದು ಬೇರೆ ಮಾತು. ಚಿತ್ರ ಅದಕ್ಕಾಗಿ ಕಾಯಲಿಲ್ಲ.

ಇಂಥದೊಂದು ಚಿತ್ರವನ್ನು ಕೊಡಗಿನಲ್ಲಿ ತೆಗೆಯುವುದಾದರೆ ಯಾವ ತಂಡವನ್ನು ತೆಗೆಯುವುದು? ಮಡಿಕೇರಿಗಾಗಲಿ ವಿರಾಜಪೇಟೆಗಾಗಲಿ ಊರೆಲ್ಲ ಎದೆಗೆ ಹಚ್ಚಿಕೊಂಡ ಅಂಥ ಒಂದು ತಂಡವಿಲ್ಲ. ನಮ್ಮಲ್ಲಿರುವುದು ಮನೆತನಗಳ ತಂಡ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಒಕ್ಕಗಳ ನಡುವೆ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದಾಗ ಬಂದ ತಂಡಗಳು 60. ಪ್ರತಿವರ್ಷ ಒಂದು ಒಕ್ಕ ಅದರ ಹೊಣೆ ಹೊರುತ್ತದೆ. ಆ ವರ್ಷದ ಕಪ್ಪಿಗೆ ಆ ಒಕ್ಕದ್ದೇ ಹೆಸರು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದುವು. ಆಮೇಲೆ ಕೋವಿಡ್ ಬಂದಿತು. ಆಟ ಕೆಲವು ವರ್ಷ ನಿಂತಿತು. 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಮೊದಲಾಯಿತು. 2024ರ ಕುಂಡ್ಯೋಳಂಡ ಕಪ್ಪಿಗೆ 360 ತಂಡಗಳು ಬಂದು, ಅದು ಗಿನ್ನೆಸ್ ದಾಖಲೆಯನ್ನೂ ಸೇರಿತು. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್ಪಿಗೆ 396.

ನಾನು ಯಾವ ಒಕ್ಕಕ್ಕೂ ಸೇರಿದವನಲ್ಲ. ಈ ಜಿಲ್ಲೆಯ ಶಾಲೆಗಳಲ್ಲಿ ಪಾಠ ಹೇಳಿದವನು. ಆ ಮಕ್ಕಳ ಮನೆತನದ ಹೆಸರುಗಳನ್ನು ಹಾಜರಿಪುಸ್ತಕದಲ್ಲಿ ಎಷ್ಟು ಸಲ ಕೂಗಿದ್ದೇನೋ! ಆ ಕಾರಣದಿಂದಲೇ ಇರಬೇಕು, 2024ರಲ್ಲಿ ಬೆಂಗಳೂರಿನಿಂದ ಚಿತ್ರ ತೆಗೆಯಲು ಬಂದ ಕೆಲವು ತರುಣರು ದಾರಿ ತೋರಿಸುವಂತೆ ನನ್ನನ್ನು ಕೇಳಿದರು. ಏನನ್ನು ತೆಗೆಯೋಣ ಎಂದಾಗ ನಾನೂ ಮೊದಲು ಹೇಳಿದ್ದು ದೊಡ್ಡ ಹೆಸರುಗಳನ್ನೇ: 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದ ಎಂ. ಪಿ. ಗಣೇಶ್, 1980ರ ಮಾಸ್ಕೋದ ಚಿನ್ನದ ತಂಡದ ಎಂ. ಎಂ. ಸೋಮಯ್ಯ. ಕೊಡಗಿನವರಿಗೆ ಇದೊಂದು ಚಟ. ಹಾಕಿ ಎಂದ ಕೂಡಲೇ ಒಲಿಂಪಿಕ್ಸಿನ ಪಟ್ಟಿ ಒಪ್ಪಿಸಿಬಿಡುತ್ತೇವೆ.

ಆಮೇಲೆ ನೆನಪಾಯಿತು, ನನ್ನ ಹಳೆಯ ಶಿಷ್ಯನೊಬ್ಬನ ಒಕ್ಕ. ಗೆದ್ದು ಹೆಸರು ಮಾಡಿದ್ದಲ್ಲ. ಹನ್ನೊಂದು ಜನ ಕೂಡುವುದೇ ಅವರಿಗೆ ವರ್ಷವರ್ಷದ ಸಾಹಸ. ಪಂದ್ಯದ ಹಿಂದಿನ ಸಂಜೆ ಆ ತರುಣರನ್ನು ಅವರ ಐನ್‌ಮನೆಗೆ ಕರೆದೊಯ್ದೆ. ವರ್ಷದ ಬಹುಪಾಲು ಬೀಗ ಹಾಕಿರುವ ಮನೆ. ಪಕ್ಕದ ತೋಟದಲ್ಲಿರುವ ಹಿರಿಯರೊಬ್ಬರು ಬಂದು ದೀಪ ಹಚ್ಚಿ ಹೋಗುವುದುಂಟು. ಅಂದು ಮಾತ್ರ ಒಲೆಯಿಂದ ಹೊಗೆ ಎದ್ದಿತ್ತು. ಒಬ್ಬ ಬೆಂಗಳೂರಿನಿಂದ ಬಂದಿದ್ದ, ಇಬ್ಬರು ಮೈಸೂರಿನಿಂದ, ಸೈನ್ಯದಲ್ಲಿರುವವನು ರಜೆ ಹಾಕಿ ಬಂದಿದ್ದ. ನೆಲ್ಲಕ್ಕಿ ನಡುಬಾಡೆಯಲ್ಲಿ, ಎಂದರೆ ಹಿರಿಯರ ದೀಪ ತೂಗುವ ಆ ಒಳ ಪಡಸಾಲೆಯಲ್ಲಿ, ಸಾಲಾಗಿ ಚಾಪೆ ಹಾಸಿ, ಗೋಡೆಗೆ ಹಾಕಿ ಸ್ಟಿಕ್ಕುಗಳನ್ನು ಒರಗಿಸಿದ್ದರು. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಮನೆತನದ ಹೆಸರು ಬರೆದ, ಮೊಣಕಾಲು ಮುಟ್ಟುವ ಅಂಗಿ ತೊಟ್ಟು, ಆ ಕತ್ತಲೆಯ ಮನೆಯ ಕೋಣೆ ಕೋಣೆಯನ್ನೂ ಬೆರಗಿನಿಂದ ನೋಡುತ್ತ ತಿರುಗುತ್ತಿದ್ದಳು. ಅಷ್ಟು ಹೊತ್ತು ಆ ಮನೆಯಲ್ಲಿದ್ದುದು ಅವಳಿಗೆ ಅದೇ ಮೊದಲು.

ಮರುದಿನ ನಾಪೋಕ್ಲುವಿನ ಮೈದಾನದಲ್ಲಿ ಅವರು ಐದು ಗೋಲುಗಳಿಂದ ಸೋತರು. ಹಿರಿಯರು ಗೋಲುರಕ್ಷಕರಾಗಿ ನಿಂತಿದ್ದರು, ವಯಸ್ಸು ಅರುವತ್ತೆಂಟು. ಒಕ್ಕಗಳ ಹಾಕಿಯಲ್ಲಿ ಗಂಡು ಹೆಣ್ಣು, ಅಜ್ಜ ಮೊಮ್ಮಗಳು ಒಂದೇ ತಂಡದಲ್ಲಿ ಆಡುತ್ತಾರೆ. ಸೋತವರಿಗೆ ಇನ್ನೊಂದು ಪಂದ್ಯವಿಲ್ಲ. ಸಂಜೆಗೆ ಐನ್‌ಮನೆಗೆ ಮತ್ತೆ ಬೀಗ.

ಆ ತರುಣರು ಇದನ್ನೆಲ್ಲ ತೆಗೆದುಕೊಂಡರು, ಶ್ರದ್ಧೆಯಿಂದಲೇ. ಆದರೆ ಮುಗಿದ ಚಿತ್ರದಲ್ಲಿ ಇದ್ದುದು ಅಂತಿಮ ಪಂದ್ಯ, ಕುಪ್ಯ ಚೇಲೆ ತೊಟ್ಟವರ ಮೆರವಣಿಗೆ, ವಾಲಗ, ಆಕಾಶದಿಂದ ಹಿಡಿದ ಮೈದಾನದ ನೋಟ, ದಾಖಲೆಯ ಅಂಕಿ. ಸುಂದರವಾಗಿತ್ತು, ಸುಳ್ಳೇನೂ ಇರಲಿಲ್ಲ. ಬೀಗ ಹಾಕಿದ ಮನೆಯನ್ನು ಏಕೆ ಬಿಟ್ಟಿರೆಂದು ಕೇಳಿದೆ. ಸೋತ ತಂಡವನ್ನು ನೋಡುವವರು ಯಾರು ಸಾರ್, ಎಂದರು. ಸಂಡರ್ಲೆಂಡಿನ ಮಾತು ಹೇಳಬೇಕೆಂದುಕೊಂಡವನು ಸುಮ್ಮನಾದೆ. ನೆಲದ ಮೇಲಿನ ಖರ್ಚುವೆಚ್ಚ ಅವರದು, ನನ್ನದಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. 396 ತಂಡಗಳಲ್ಲಿ ಒಂದನ್ನು ಬಿಟ್ಟು ಉಳಿದ 395 ಸೋತು ಮನೆಗೆ ಹೋಗುವ ಆಟ ಇದು. ಅವರನ್ನು ತೆಗೆದರೆ ಚಿತ್ರದಲ್ಲಿ ಕೊಡಗು ಉಳಿಯುವುದೆಲ್ಲಿ?

ಆ ಹಿರಿಯರಿಗೆ ಚಿತ್ರವನ್ನು ನನ್ನ ಮೊಬೈಲಿನಲ್ಲಿಯೇ ತೋರಿಸಿದೆ. ಕಡೆಯವರೆಗೂ ಮಾತಿಲ್ಲದೆ ನೋಡಿದರು.

"ಐದು ಗೋಲು ಬಿಟ್ಟವನನ್ನು ತೋರಿಸದಿದ್ದರೆ ಬೇಡ ಮಾಷ್ಟ್ರೇ, ಒಳ್ಳೆಯದೇ ಆಯಿತು," ಎಂದರು. ಸ್ವಲ್ಪ ತಡೆದು, "ಆ ಮಗು ಮನೆಯೊಳಗೆ ತಿರುಗಿದ್ದನ್ನು ತೆಗೆದಿದ್ದರಲ್ಲ, ಅದು ಅವರ ಹತ್ತಿರ ಇನ್ನೂ ಇದ್ದೀತೆ?" ಎಂದು ಕೇಳಿದರು.

ತರುಣರಿಗೆ ಬರೆದಿದ್ದೇನೆ. ಹುಡುಕಿ ಕಳಿಸುತ್ತೇವೆಂದು ಉತ್ತರ ಬಂದಿದೆ.