ಕಗ್ಗದ ಗದ್ದೆಯ ಲೆಕ್ಕ



ಸುಸ್ಥಿರ ಅಭಿವೃದ್ಧಿಯ ಬಗ್ಗೆ ಮಾತಾಡಿ ಎಂದಿರಿ. 1987ರ ಬ್ರಂಟ್‌ಲ್ಯಾಂಡ್ ಆಯೋಗದ ವರದಿಯಿಂದ ಶುರುಮಾಡುವುದು ರೂಢಿ. ನಾನು ಕುಮಟಾ ತಾಲ್ಲೂಕಿನ ಒಂದು ಭತ್ತದಿಂದ ಶುರುಮಾಡುತ್ತೇನೆ. ವರದಿ ಎಲ್ಲಿಗೂ ಓಡಿಹೋಗುವುದಿಲ್ಲ, ಭತ್ತ ಹೋಗುತ್ತಿದೆ.

ಶಿರಸಿ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ, ದೊಡ್ಡ ಅಣೆಕಟ್ಟಿನ ಹಂಗಿಲ್ಲದೆ ಘಟ್ಟ ಇಳಿದು ತದಡಿಯ ಬಳಿ ಕಡಲು ಸೇರುತ್ತದೆ. ಸೇರುವ ಮುಂಚೆ ಅದು ಅಗಲವಾಗಿ ಹರಡಿಕೊಳ್ಳುವ ಕಡೆ, ಮಾಣಿಕಟ್ಟಾ, ಹೆಗಡೆ, ಬೆಟ್ಕುಳಿಯಂಥ ಊರುಗಳ ಅಂಚಿಗೆ ಗಜನಿ ಗದ್ದೆಗಳಿವೆ. ಉಬ್ಬರ ಬಂದರೆ ಉಪ್ಪುನೀರು ನುಗ್ಗುವ ತಗ್ಗು ನೆಲ. ಸುತ್ತ ಕಟ್ಟೆ, ಕಟ್ಟೆಯಲ್ಲಿ ಹಲಗೆಯ ಜಂತ್ರಬಾಗಿಲು. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ಬಾಗಿಲು ತೆರೆದು ಒಳನೀರು ಬಿಡಬೇಕು, ಉಬ್ಬರ ಏರುವಷ್ಟರಲ್ಲಿ ಮುಚ್ಚಬೇಕು. ಉಬ್ಬರ ದಿನವೂ ಒಂದೇ ಹೊತ್ತಿಗೆ ಬರುವುದಿಲ್ಲವಾದ್ದರಿಂದ ಬಾಗಿಲು ಕಾಯುವವನ ನಿದ್ದೆಯೂ ಚಂದ್ರನ ಲೆಕ್ಕದಲ್ಲೇ.

ಮುಂಗಾರಿನ ಮಳೆ ಗದ್ದೆಯ ಉಪ್ಪನ್ನು ತೊಳೆದ ಮೇಲೆ ಕಗ್ಗ ಬಿತ್ತುತ್ತಾರೆ. ಎತ್ತರಕ್ಕೆ ಬೆಳೆಯುವ, ನೆರೆಯಲ್ಲಿ ಕೆಲ ದಿನ ಮುಳುಗಿದರೂ ಚೇತರಿಸಿಕೊಳ್ಳುವ, ಉಪ್ಪನ್ನೂ ತಾಳುವ ಕೆಂಪಕ್ಕಿಯ ತಳಿ ಅದು. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ನೀರು ಹೊತ್ತು ತಂದ ಗೋಡುಮಣ್ಣೇ ಸಾಕು. ಕೊಯ್ಲಿನಲ್ಲಿ ಮೇಲಿನ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆರೆದರೆ ಉಬ್ಬರದ ಜೊತೆ ಮೀನುಮರಿ, ಸಿಗಡಿಮರಿ ಒಳಬರುತ್ತವೆ. ಕೊಳೆತ ಹುಲ್ಲಿನಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳು ಅವಕ್ಕೆ ಮೇವು. ಬಲಿತ ಮೇಲೆ ಇಳಿತದ ನೀರಿಗೆ ಬಲೆ ಒಡ್ಡುತ್ತಾರೆ. ಚಳಿಗಾಲಕ್ಕೆ ವಲಸೆ ಹಕ್ಕಿಗಳು ಬರುತ್ತವೆ. ಮತ್ತೆ ಮಳೆ, ಮತ್ತೆ ಬಿತ್ತನೆ.

ಇದನ್ನೇ ವಿದ್ವಾಂಸರು ಪರಿಸರ ವ್ಯವಸ್ಥೆಯ ಸೇವೆ ಎನ್ನುತ್ತಾರೆ. 2005ರ ಸಹಸ್ರಮಾನದ ಪರಿಸರ ವ್ಯವಸ್ಥೆ ಮೌಲ್ಯಮಾಪನ ಅದಕ್ಕೆ ನಾಲ್ಕು ಖಾನೆ ಹಾಕಿಕೊಟ್ಟಿತು: ಒದಗಿಸುವುದು, ನಿಯಂತ್ರಿಸುವುದು, ಪೋಷಿಸುವುದು, ಸಂಸ್ಕೃತಿಗೆ ಇಂಬಾಗುವುದು. ಗಜನಿಯಲ್ಲಿ ನಾಲ್ಕೂ ಸಿಗುತ್ತವೆ. ಆದರೆ ನನ್ನ ತಕರಾರು ಖಾನೆಗಳಾಚೆಯದು. ಸೇವೆಯ ಬೆಲೆ ಕಟ್ಟುವಾಗ ನದಿಗೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡಕ್ಕೂ ಅಂಕ ಕೊಡುತ್ತೇವೆ. ಒಡೆದ ಕಟ್ಟೆಗೆ ಕೆಸರು ಹೊತ್ತವರ ಕೂಲಿಯನ್ನು ಯಾವ ಖಾನೆಗೂ ಬರೆಯುವುದಿಲ್ಲ. ಕಟ್ಟೆಯೂ ಬಾಗಿಲೂ ಇಲ್ಲದಿದ್ದರೆ ಇಲ್ಲಿ ಕಗ್ಗವೂ ಇಲ್ಲ, ಅದರ ಹುಲ್ಲನ್ನು ನಂಬಿದ ಸಿಗಡಿಯೂ ಇಲ್ಲ. ಗಜನಿಯ ಸೇವೆಯಲ್ಲಿ ದೊಡ್ಡ ಪಾಲು ದುಡಿಮೆಯದು.

ಆ ದುಡಿಮೆ ಸಡಿಲಾದ ಬಗೆ ನೋಡಿ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರ ಖಾರ್‌ಲ್ಯಾಂಡ್ (ಉಪ್ಪುನೆಲದ) ಕಟ್ಟೆಗಳನ್ನು ಕಲ್ಲಿನಲ್ಲಿ ಕಟ್ಟಿತು. ಒಳ್ಳೆಯ ಉದ್ದೇಶವೇ. ಆದರೆ ಮಣ್ಣಿನ ಕಟ್ಟೆಗೆ ಆಸರೆಯಾಗಿದ್ದ ಕಾಂಡ್ಲಾವನ್ನು ಉಳಿಸಿಕೊಳ್ಳುವ ಅಗತ್ಯ ಕಡಿಮೆಯಾಯಿತು. ಊರು ಸೇರಿ ಮಾಡುತ್ತಿದ್ದ ಕೆಲಸ ಇಲಾಖೆಯ ಕೆಲಸವಾಯಿತು. ಆಮೇಲೆ ಸಿಗಡಿಯ ಪೇಟೆ ಏರಿತು. ಗುತ್ತಿಗೆ ಹಿಡಿದವನಿಗೆ ಉಪ್ಪುನೀರು ಎಷ್ಟು ಹೆಚ್ಚು ದಿನ ನಿಂತರೆ ಅಷ್ಟು ಲಾಭ, ಕಗ್ಗಕ್ಕೆ ಅಷ್ಟೇ ನಷ್ಟ. ಕರಾವಳಿ ನಿಯಂತ್ರಣ ವಲಯದ ಸಿಗಡಿ ಹೊಂಡಗಳನ್ನು ತೆರವುಗೊಳಿಸಲು 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತು. ಅಷ್ಟರಲ್ಲಿ ಹಲವು ಗಜನಿಗಳು ಬಿತ್ತನೆ ಮರೆತಿದ್ದವು. ಮಾಣಿಕಟ್ಟಾದ ರೈತರು ಬಿಡದೆ ಕಗ್ಗ ಬಿತ್ತುತ್ತ ಬಂದದ್ದರಿಂದ ಬೀಜವಾದರೂ ಉಳಿದಿದೆ.

ಪಕ್ಕದ ಶರಾವತಿಯನ್ನೂ ನೋಡಬೇಕು. ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಹರಿದು ಅಳಿವೆಯ ಉಪ್ಪು ತಗ್ಗಿತು, ಬಳಚು ಎಂಬ ಚಿಪ್ಪುಜೀವಿ ಬಹುಮಟ್ಟಿಗೆ ಅಳಿಯಿತು. ಅಘನಾಶಿನಿಯಲ್ಲಿ ಬಳಚು ಹೆಕ್ಕಿ ಸಾವಿರಾರು ಜನ ಒಲೆ ಹಚ್ಚುತ್ತ ಬಂದಿದ್ದಾರೆ. ಒಂದೇ ಜಿಲ್ಲೆಯ ಎರಡು ಅಳಿವೆಗಳು. ಸಿಹಿ-ಉಪ್ಪುಗಳ ಸರದಿ ಒಂದರಲ್ಲಿ ಮುರಿಯಿತು, ಇನ್ನೊಂದರಲ್ಲಿ ಉಳಿಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿತು, 4,801 ಹೆಕ್ಟೇರ್. ಸಂತೋಷವೇ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಜಂತ್ರಬಾಗಿಲ ಹಲಗೆ ಬದಲಾಗುವುದಿಲ್ಲ.

ಹಾಗಾದರೆ ಕಟ್ಟೆ-ಬಾಗಿಲುಗಳ ಖರ್ಚು ಯಾರದು? ಖರ್ಚಿಗೂ ಮೊದಲು ಒಂದು ನಿಯಮ ಬೇಕು. ಕೇರಳದ ಪೊಕ್ಕಾಳಿ ಗದ್ದೆಗಳದೂ ಇದೇ ಪದ್ಧತಿ. ಅಲ್ಲಿ ಒಂದು ಭತ್ತ, ಒಂದು ಮೀನು ಎಂಬುದು ಸರ್ಕಾರದ ನೀತಿ. ಸಿಗಡಿಯ ಪರವಾನಗಿ ನವೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಮಾತ್ರ. ನೀತಿ ಮುರಿಯುವವರು ಅಲ್ಲಿಯೂ ಇದ್ದಾರೆ. ಆದರೂ ಮುರಿದರೆಂದು ದೂರಲು ಒಂದು ದಿನಾಂಕವಾದರೂ ಕೈಯಲ್ಲಿದೆ. ಕುಮಟಾದ ಗಜನಿ ಗುತ್ತಿಗೆ ಪತ್ರಗಳಲ್ಲೂ ಹೀಗೊಂದು ದಿನಾಂಕ ಬರಬೇಕು, ಮುಂಗಾರಿಗೆ ಮುಂಚೆ ಗದ್ದೆ ಬರಿದು ಮಾಡಿಕೊಡುವ ದಿನಾಂಕ. ಮೀನಿನ ಹರಾಜಿನ ಹಣದಲ್ಲಿ ಒಂದು ಪಾಲನ್ನು ಕಟ್ಟೆಗೆಂದು ಮೊದಲೇ ತೆಗೆದಿಡಬೇಕು. ಕೆಸರು ಹೊರುವ ಕೆಲಸವನ್ನು ಉದ್ಯೋಗ ಖಾತರಿಯ ಪಟ್ಟಿಗೆ ಗ್ರಾಮಸಭೆ ಪ್ರತಿ ವರ್ಷ ಸೇರಿಸಬೇಕು. ಬಾಗಿಲು ಕಾಯುವವನಿಗೆ ಮಳೆಗಾಲದ ನಾಲ್ಕು ತಿಂಗಳಾದರೂ ಸಂಬಳ ಕೊಡಬೇಕು.