ಆರಿಸುವವನು ಯಾರು?



ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು 1996ರಲ್ಲಿ, ಆ ಊರಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ. ಅದಕ್ಕೂ ಆರು ದಶಕ ಮುಂಚೆ, ಅದೇ ತಾಲ್ಲೂಕಿನ ಕಸಬೆಯಲ್ಲಿ, ಹೇಮಾವತಿಯ ದಡದಲ್ಲಿ ಒಂದು ದೊಡ್ಡ ಕೆಲಸ ಶುರುವಾಗಿತ್ತು. ನನ್ನ ಇವತ್ತಿನ ಮಾತು ಅದನ್ನು ಕುರಿತದ್ದು.

ಅಲ್ಲಿಗೆ ಹೋಗುವ ಮುನ್ನ ಒಂದು ಹಳೆಯ ಪ್ರಶ್ನೆ. ದೇವರು ದಾರಿ ತೋರಿಸಬೇಕೋ, ನಮ್ಮ ಬುದ್ಧಿಯಿಂದ ನಾವೇ ಕಂಡುಕೊಳ್ಳಬೇಕೋ? ಶಾಸ್ತ್ರ ಎರಡನ್ನೂ ಹೇಳುತ್ತದೆ. ಕಠೋಪನಿಷತ್ತಿನ ಯಮ ನಚಿಕೇತನಿಗೆ, ಆತ್ಮದ ಅರಿವು ತರ್ಕಕ್ಕೆ ದಕ್ಕುವಂಥದ್ದಲ್ಲ ಎನ್ನುತ್ತಾನೆ. ಬೃಹದಾರಣ್ಯಕದ ಯಾಜ್ಞವಲ್ಕ್ಯ ಮೈತ್ರೇಯಿಗೆ, ಕೇಳಿದ್ದರ ಮನನವನ್ನೂ ಮಾಡಬೇಕು ಎನ್ನುತ್ತಾನೆ. ಗೀತೆಯ 18ನೆಯ ಅಧ್ಯಾಯದಲ್ಲಂತೂ ಕೃಷ್ಣ 63ನೆಯ ಶ್ಲೋಕದಲ್ಲಿ, ಪೂರ್ತಿ ಯೋಚಿಸಿ ನಿನಗೆ ಸರಿಕಂಡಂತೆ ಮಾಡು ಎನ್ನುತ್ತಾನೆ. 66ನೆಯದಕ್ಕೆ ಬಂದರೆ ಶರಣಾಗತಿಯ ಮಾತು.

ಕಠದಲ್ಲೇ, ಎರಡನೆಯ ವಲ್ಲಿಯ 23ನೆಯ ಮಂತ್ರವಿದೆ. ಆತ್ಮ ದೊರಕುವುದು ಒಂದು ಆಯ್ಕೆಯಿಂದ ಎಂದು ಅದರ ತಾತ್ಪರ್ಯ. ಆರಿಸುವವನು ಯಾರು? ಅಲ್ಲಿರುವುದು ‘ಇವನು’ ಎಂಬ ಪುಟ್ಟ ಸರ್ವನಾಮ, ಅಷ್ಟೇ. ಇವನು ಸಾಧಕ, ಆತ್ಮವೊಂದನ್ನೇ ಬಯಸಿ ಹೊರಟವನು ಎಂದರು ಶಂಕರರು. ಇವನು ಭಗವಂತ, ತನಗೆ ಪ್ರಿಯನಾದವನನ್ನು ತಾನೇ ಆರಿಸಿಕೊಳ್ಳುವವನು ಎಂದರು ರಾಮಾನುಜರು. ಒಂದೇ ಮಂತ್ರ, ಆಯ್ಕೆ ಮಾತ್ರ ಅದಲು ಬದಲು!

ರಾಮಾನುಜರು ಹೊಯ್ಸಳರ ಸೀಮೆಗೆ ಬಂದು ಮೇಲುಕೋಟೆಯಲ್ಲಿ ನೆಲೆಸಿದ್ದರು. ಅವರ ಅನುಯಾಯಿಗಳಲ್ಲೇ ಮುಂದೆ ಈ ಪ್ರಶ್ನೆ ಮತ್ತೆ ಎದ್ದಿತು. ತಾಯಿಯನ್ನು ತಾನೇ ಅವಚಿಕೊಳ್ಳುವ ಕೋತಿಮರಿ ವಡಗಲೆ ಪಂಗಡದವರ ದೃಷ್ಟಾಂತ. ತಾಯಿಯೇ ಕಚ್ಚಿಕೊಂಡು ಹೋಗುವ ಬೆಕ್ಕಿನ ಮರಿ ತೆಂಗಲೆ ಪಂಗಡದವರದು.

ಹೊಳೆನರಸೀಪುರಕ್ಕೆ ಬರೋಣ. ಯಲ್ಲಂಬಳಸೆ ಸುಬ್ಬರಾಯರು 1920ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು 1937ರಲ್ಲಿ ಇಲ್ಲಿಗೆ ತಂದರು. 1948ರಲ್ಲಿ ಸಂನ್ಯಾಸ ಪಡೆದು ಸಚ್ಚಿದಾನಂದೇಂದ್ರ ಸರಸ್ವತಿಗಳಾದರು. ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದರು. ಆಮೇಲಿನ ವ್ಯಾಖ್ಯಾನಕಾರರನ್ನು ಪಕ್ಕಕ್ಕಿಟ್ಟು ಶಂಕರರ ಮಾತನ್ನೇ ನೇರವಾಗಿ ನೋಡಿ ಎಂಬುದು ಅವರ ಪಟ್ಟು. ಪಂಡಿತರ ವಿರೋಧಕ್ಕೂ ಅದು ಜಗ್ಗಲಿಲ್ಲ. ಹಾಗೆ ನೋಡಿದಾಗ ಯಮನಿಗೂ ಯಾಜ್ಞವಲ್ಕ್ಯನಿಗೂ ಜಗಳವಿಲ್ಲ. ಬರೀ ಊಹೆಯ ತರ್ಕ ಬೇಡ, ಶ್ರುತಿಯನ್ನು ಹಿಡಿದು ಅನುಭವದ ಕಡೆಗೆ ನಡೆಸುವ ತರ್ಕ ಬೇಕೇ ಬೇಕು. ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಲ್ಲ ಎಂದು ಶಂಕರರು ಬರೆದದ್ದು, ನೆನಪಿಡಿ, ಆ ಶರಣಾಗತಿಯ ಶ್ಲೋಕದ ಭಾಷ್ಯದಲ್ಲೇ. ಶರಣಾಗು ಎಂದರೆ ಬುದ್ಧಿಗೆ ಬೀಗ ಹಾಕು ಎಂದಲ್ಲ.

ಹಾಗಾದರೆ ದೇವರ ಪಾಲು ಯಾವುದು? ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರರು ಈಶ್ವರನನ್ನು ಮಳೆಗೆ ಹೋಲಿಸುತ್ತಾರೆ. ಹರದನಹಳ್ಳಿಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಎಲ್ಲ ಹೊಲಕ್ಕೂ ಒಂದೇ. ರಾಗಿ ಬಿತ್ತಿದಲ್ಲಿ ರಾಗಿ, ಅಕ್ಕಡಿಯಲ್ಲಿ ಅವರೆ ಹಾಕಿದ್ದರೆ ಅವರೆ. ಮಳೆಯಿಲ್ಲದೆ ಬೀಜ ಮೊಳೆಯದು, ಬಿತ್ತದ ಹೊಲದಲ್ಲಿ ಮಳೆ ಬೆಳೆ ಕೊಡದು.

ಸ್ವಾಮಿಗಳು 1975ರಲ್ಲಿ ಬ್ರಹ್ಮೀಭೂತರಾದರು. ಅವರ ಕನ್ನಡ ಪುಸ್ತಕಗಳು ನಮ್ಮ ಮುಂದಿವೆ. ಕಠದ ಆ ಒಂದು ಮಂತ್ರದ ಭಾಷ್ಯವನ್ನಾದರೂ ತೆಗೆದು ಓದಿ, ‘ಇವನು’ ಯಾರೆಂದು ನೀವೇ ಯೋಚಿಸಿ.