ಬಾವಿಯ ನೀರಿನ ಲವಣಗಣಿತ



ದೇವನಹಳ್ಳಿ ತಾಲ್ಲೂಕಿನ ವಿಜಯಪುರವು ರೇಷ್ಮೆಯ ಊರು. ಗೂಡು ಬೇಯಿಸಿ ನೂಲು ಬಿಚ್ಚುವವರಿಗೂ, ಬಿಂದಿಗೆ ಹೊತ್ತ ಗೃಹಿಣಿಗೂ ಅಲ್ಲಿ ನೀರೇ ಬಂಡವಾಳ. ಸದಾ ಹರಿಯುವ ಹೊಳೆಯಿಲ್ಲದ ಆ ಸೀಮೆಯು ಬಹುಕಾಲದಿಂದ ಕೊಳವೆ ಬಾವಿಗಳನ್ನು ನೆಚ್ಚಿಕೊಂಡಿದೆ. ಆಳದ ನೀರು ಬಂಡೆಯೊಡನೆ ದೀರ್ಘಕಾಲವಿದ್ದು ಅದರ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಅವುಗಳಲ್ಲಿ ಫ್ಲೋರೈಡು ಒಂದು. ಅದು ಮಿತಿಮೀರಿದರೆ ಬೆಳೆಯುವ ಮಕ್ಕಳ ಹಲ್ಲುಗಳಲ್ಲಿ ಕಲೆಗಳು ಮೂಡುವುವು. ಬಹಳ ಹೆಚ್ಚಾಗಿದ್ದು ವರ್ಷಗಟ್ಟಲೆ ಕುಡಿದರೆ ಎಲುಬಿನ ಸಂದುಗಳು ಪೆಡಸಾಗುವುವು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ ೧ ಮಿಲಿಗ್ರಾಮಿನೊಳಗಿರಬೇಕು. ಬೇರೆ ನೀರು ದೊರೆಯದಿದ್ದಲ್ಲಿ ೧.೫ರ ವರೆಗೆ ಸಲ್ಲುವುದು.

ಈಗ ಲೆಕ್ಕಕ್ಕೆ ಬರೋಣ. ಒಂದು ಲೀಟರು ಶುದ್ಧ ನೀರಿನಲ್ಲಿ ೩.೯ ಮಿಲಿಗ್ರಾಂ ಕ್ಯಾಲ್ಸಿಯಂ ಫ್ಲೋರೈಡು ಕರಗಿದೆಯೆಂದು ಭಾವಿಸಿರಿ. ಇದು ಸುರಕ್ಷಿತವೆ?

ಕ್ಯಾಲ್ಸಿಯಮ್ಮಿನ ಪರಮಾಣುಭಾರ ೪೦, ಫ್ಲೋರೀನಿನದು ೧೯. ಈ ಲವಣದಲ್ಲಿ ಒಂದು ಕ್ಯಾಲ್ಸಿಯಮ್ಮಿಗೆ ಎರಡು ಫ್ಲೋರೈಡುಗಳು. ಆದುದರಿಂದ ಒಟ್ಟು ಭಾರ ೭೮. ಅಂದರೆ ೭೮ ಗ್ರಾಂ ತೂಗಿದರೆ ಒಂದು ಮೋಲ್, ೭೮ ಮಿಲಿಗ್ರಾಂ ತೂಗಿದರೆ ಒಂದು ಮಿಲಿಮೋಲ್. ೩.೯ನ್ನು ೭೮ರಿಂದ ಭಾಗಿಸಿದರೆ ೦.೦೫ ಮಿಲಿಮೋಲ್. ಒಂದೇ ಲೀಟರಾದುದರಿಂದ ದ್ರಾವಣದ ಸಾರತೆಯೂ ಲೀಟರಿಗೆ ಅಷ್ಟೇ.

ಎಡವುವುದು ಇಲ್ಲಿಯೇ. ಅವಸರದವನು ೦.೦೫ನ್ನು ೧೯ರಿಂದ ಗುಣಿಸಿ, '೦.೯೫ ಮಿಲಿಗ್ರಾಂ, ಭಯವಿಲ್ಲ' ಎಂದುಬಿಡುತ್ತಾನೆ. ಆದರೆ ಲವಣವು ಕರಗುವಾಗ ಬಿಡಿಬಿಡಿ ಅಯಾನುಗಳಾಗಿ ಒಡೆಯುತ್ತದೆ. ಪ್ರತಿಯೊಂದು ಪಾಲು ಲವಣದಿಂದ ಕ್ಯಾಲ್ಸಿಯಂ ಒಂದು ಪಾಲು, ಫ್ಲೋರೈಡು ಎರಡು ಪಾಲು. ಆದುದರಿಂದ ಫ್ಲೋರೈಡು ೦.೧ ಮಿಲಿಮೋಲ್, ತೂಕದಲ್ಲಿ ೧.೯ ಮಿಲಿಗ್ರಾಂ. ಎರಡೆಂಬ ಒಂದು ಅಂಕೆಯನ್ನು ಮರೆತುದರಿಂದ, ಕುಡಿಯಬಾರದ ನೀರು ಕುಡಿಯತಕ್ಕ ನೀರಾಗಿ ಕಂಡಿತು!

ತಾಳೆ ನೋಡುವುದು ಸುಲಭ. ಕ್ಯಾಲ್ಸಿಯಂ ೦.೦೫ ಮಿಲಿಮೋಲ್, ಎಂದರೆ ೨ ಮಿಲಿಗ್ರಾಂ. ಅದಕ್ಕೆ ೧.೯ ಕೂಡಿಸಿದರೆ ಮೊದಲಿನ ೩.೯ ಬಂದಿತು. ಕರಗಿದುದು ಕಾಣೆಯಾಗಲಿಲ್ಲ.

ನಿಜವಾದ ಬಾವಿಯ ನೀರಿನಲ್ಲಿ ಹಲವು ಲವಣಗಳು ಬೆರೆತಿರುವುದರಿಂದ ಪ್ರಯೋಗಶಾಲೆಯಲ್ಲಿ ಫ್ಲೋರೈಡನ್ನೇ ನೇರವಾಗಿ ಅಳೆಯುತ್ತಾರೆ. ವರದಿಯಲ್ಲಿ ಬರೆದಿರುವುದು ಲವಣದ ತೂಕವೋ ಅಯಾನಿನ ತೂಕವೋ ಎಂಬುದನ್ನು ಮೊದಲು ನೋಡಿರಿ.

ಕಡೆಯ ಮಾತೊಂದು. ನೀರನ್ನು ಕಾಯಿಸಿದರೆ ರೋಗಾಣುಗಳು ಸಾಯುವುವು, ಫ್ಲೋರೈಡು ಹೋಗದು. ಆವಿಯಾಗುವುದು ನೀರು ಮಾತ್ರ. ನಮ್ಮ ಒಂದು ಲೀಟರು ಕುದಿದು ಅರ್ಧವಾದರೆ, ೧.೯ ಇದ್ದ ಸಾರತೆ ೩.೮ ಆಗುತ್ತದೆ. ಕಣ್ಣಿಗೆ ತಿಳಿಯಾದ ನೀರು ಲೆಕ್ಕಕ್ಕೂ ತಿಳಿಯೇ ಎಂದು ವಿಚಾರಿಸುವುದು ಮನೆಯ ಹಿರಿಯರ ಹೊಣೆ.